ಗಿಂಡಿಹೂವಿಗೆ ನಮ್ಮ ಪಾಲಿನ ನೀರು

ರಕ್ತಾಕ್ಷಿ ಸಂವತ್ಸರ, ಶಕ ೨೧೪೬, ಕಾರ್ತೀಕ ಮಾಸ
ಮೇಲ್‌ಹಟ್ಟಿ, ಚಂದ್ರದ್ರೋಣ ಬೆಟ್ಟಸಾಲು

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ದ್ಯಾವಕ್ಕನ ನಮಸ್ಕಾರ.

ಮೇಲಿನ ತಾರೀಖನ್ನು ನೀವು ನಂಬಲಾರಿರಿ. ನಿಮ್ಮ ಕಾಲದಲ್ಲಿ ಹುಟ್ಟಿರದ ಕೆಲವು ಪದಗಳೂ ಇಲ್ಲಿ ಬರುತ್ತವೆ. ಅವು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕ್ಷಮೆ ಕೇಳುತ್ತಿರುವುದು ಪದಗಳಿಗೆ ಮಾತ್ರ. ನಾವು ಮಾಡಿದ ಕೆಲಸಕ್ಕೆ ಯಾರ ಕ್ಷಮೆಯೂ ಬೇಕಿಲ್ಲ.

ನಮಗೆ ಈಗ ಮಳೆಗಿಂತ ಮಂಜುಬಲೆಯೇ ಆಧಾರ. ದಿಬ್ಬದ ನೆತ್ತಿಯ ಮೇಲೆ ಸಾಲಾಗಿ ಕಟ್ಟಿದ ಸಣ್ಣ ಕಣ್ಣಿನ ಬಲೆಗಳವು. ಬೆಳಗಿನ ಮಂಜು ತಾಗಿ ಹನಿಯಾಗಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಮನೆಗೊಬ್ಬರು ಹೋಗಿ ಬಲೆ ಕೊಡವಿ, ಜೇಡರ ನೂಲು ತೆಗೆದು, ಬಿಂದಿಗೆ ತುಂಬಿಕೊಂಡು ಬರುತ್ತೇವೆ. ತಲೆಗಿಷ್ಟು ಪಾಲೆಂದು ಹಂಚುವುದು ನೀರುಸಮಿತಿ. ಅವರು ‘ಉಣ್ಣುಗಿಡ’ ಎಂದು ಒಪ್ಪಿದ್ದಕ್ಕೆ, ಅಂದರೆ ಊಟಕ್ಕೋ ಔಷಧಿಗೋ ಬರುವ ಗಿಡಕ್ಕೆ ಮಾತ್ರ ನೀರು. ಉಳಿದದ್ದೆಲ್ಲ ಕಳೆ.

ಗಿಂಡಿಹೂವೂ ಕಳೆ. ನಿಮ್ಮ ಕಾಲದಲ್ಲಿ ಬೆಟ್ಟದ ಹುಲ್ಲಿನ ನಡುವೆ, ಜೌಗು ಇದ್ದಲ್ಲೆಲ್ಲ ಅದು ತಾನಾಗಿ ಅರಳುತ್ತಿತ್ತಂತೆ. ಬಹುಶಃ ನೀವು ಅದನ್ನು ತುಳಿದುಕೊಂಡೇ ಹೋಗಿದ್ದೀರಿ. ಎಲೆ ಒಂದೆಲಗದ ಹಾಗೆ, ಮೇಲೆ ನವಿರಾದ ರೋಮ. ಹಳದಿ ಎಸಳಿಗೆ ತುಪ್ಪ ಸವರಿದಂಥ ಹೊಳಪು. ದನ ಬಾಯಿ ಹಾಕುವುದಿಲ್ಲ. ರಸ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ.

ನಮ್ಮ ಕಾಲಕ್ಕೆ ಅದು ಉಳಿದಿದ್ದದ್ದು ಒರತೆಯ ಬದಿಯಲ್ಲಿ ಮಾತ್ರ. ಆ ಒರತೆಯ ಮೇಲೆ ಸಿಮೆಂಟಿನ ತೊಟ್ಟಿ ಕಟ್ಟುವುದೆಂದು ಸಮಿತಿ ತೀರ್ಮಾನಿಸಿದಾಗ, ನನ್ನ ಪಕ್ಕದ ಮನೆಯ ಜೈನಬಿ ಗುದ್ದಲಿ ಹಿಡಿದು ಹೊರಟಳು. ಬಲೆ ಹೊಲಿಯುವುದು ಅವಳ ಕಸುಬು. ಯಾಕೆ ಹೊರಟೆ ಎಂದು ಕೇಳಿದರೆ, ಅದು ಚೆನ್ನಾಗಿದೆ ಎಂದಷ್ಟೇ ಹೇಳಿದಳು. ನಾನೂ ಹೋದೆ. ಕೈಗೆ ಬಟ್ಟೆ ಸುತ್ತಿಕೊಂಡು, ಬೇರಿನ ಮಣ್ಣು ಉದುರದಂತೆ ಬುಡಗಳನ್ನು ಎತ್ತಿ ಹಳೆಯ ಡಬ್ಬಗಳಲ್ಲಿ ನೆಟ್ಟೆವು.

ಮೊದಲ ಸಲ ಬೀಜವನ್ನು ರಾಗಿಯಂತೆ ಒಣಗಿಸಿಟ್ಟು ಕೆಟ್ಟೆವು, ಒಂದೂ ಮೊಳೆಯಲಿಲ್ಲ. ಆಮೇಲೆ ತಿಳಿಯಿತು. ಎಸಳು ಉದುರಿದ ಮೇಲೆ ಹಸಿರು ಹಿಪ್ಪುನೇರಳೆಯಂಥ ಗೊಂಚಲು ನಿಲ್ಲುತ್ತದೆ. ಅದು ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಉದುರುವ ಹೊತ್ತಿಗೆ ಕಿತ್ತು, ಆಗಲೇ ಬಿತ್ತಬೇಕು. ಎಲೆಗೊಬ್ಬರ ಬೆರೆಸಿದ ಕಪ್ಪು ಮಣ್ಣು, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನದ್ದು ಬೇಡ. ಮಣ್ಣು ಒಂದು ದಿನವೂ ಒಣಗಬಾರದು. ನಾವು ಡಬ್ಬಗಳನ್ನು ಮಂಜುಬಲೆಯ ಅಡಿಯ ತಂಪಿನಲ್ಲಿಟ್ಟೆವು. ಚಳಿಗಾಲ ಪೂರ್ತಿ ಏನೂ ಕಾಣಲಿಲ್ಲ. ಕಾಣದಿದ್ದರೂ ನೀರು ಹಾಕಬೇಕು.

ಆ ನೀರೇ ಜಗಳಕ್ಕೆ ಕಾರಣವಾಯಿತು. ಸಮಿತಿಯ ಮೇಲ್ವಿಚಾರಕ ಓಂಕಾರಯ್ಯ ಬಂದು ಬರಿಯ ಮಣ್ಣಿನ ಡಬ್ಬಗಳನ್ನು ನೋಡಿ, ಇದರಿಂದ ಊರಿಗೆ ಏನು ಉಪಯೋಗ ಎಂದು ಕೇಳಿದ. ಅವನು ಕೆಟ್ಟವನಲ್ಲ, ಬಾಯಾರಿದ ಮಕ್ಕಳನ್ನು ಕಂಡವನು. ಜೈನಬಿ ಹೊಲಿಯುತ್ತಿದ್ದ ಬಲೆ ಕೆಳಗಿಟ್ಟಳು.

“ಓಂಕಾರಯ್ನೋರೆ, ಮಕ್ಕಳ ನೀರು ನಾನು ಮುಟ್ಟಿಲ್ಲ. ಇದು ನನ್ನ ಪಾಲಿಂದು. ಕುಡಿಯೋದೋ, ಇದಕ್ಕೆ ಹಾಕೋದೋ, ನನಗೆ ಬಿಟ್ಟಿದ್ದು.”

“ನೀವು ಹಿಂಗೇ ಅಂದ್ರೆ ಪಾಲೇ ನಿಂತೋಗ್ತದೆ, ಜೈನಬಮ್ಮ.”

“ನಿಲ್ಲಿಸಿ. ಬಲೆ ಹರಿದಾಗ ನೀವೇ ಹೊಲ್ಕೊಳ್ಳಿ.”

ಅವಳ ಪಾಲು ನಿಂತೇ ಹೋಯಿತು. ಅವಳೂ ಸೂಜಿ ಮುಟ್ಟಲಿಲ್ಲ. ನನ್ನ ಬಿಂದಿಗೆಯಲ್ಲೇ ಇಬ್ಬರೂ ಕುಡಿದೆವು, ಡಬ್ಬಗಳಿಗೂ ಹಾಕಿದೆವು. ತುಟಿ ಒಡೆದು ಉರಿಯುತ್ತಿತ್ತು. ಒಂದು ದಿನ ಸಾಕೆನಿಸಿ ಅವಳೆದುರು ಅತ್ತೂಬಿಟ್ಟೆ. ಅವಳು ತನ್ನ ಲೋಟವನ್ನು ನನ್ನ ಕಡೆ ಸರಿಸಿದಳು. ಬಲೆಗಳು ಗಾಳಿಗೆ ಹರಿಯತೊಡಗಿದಾಗ ಓಂಕಾರಯ್ಯನೇ ಅವಳ ಬಿಂದಿಗೆ ತುಂಬಿಸಿ ತಂದು ಬಾಗಿಲಲ್ಲಿಟ್ಟು ಹೋದ. ಅದೇ ವಾರ ಡಬ್ಬಗಳಲ್ಲಿ ಹಸಿರು ಚುಕ್ಕೆಗಳು ಕಂಡವು.

ಒರತೆಗೆ ತೊಟ್ಟಿ ಕಟ್ಟಿದ್ದರು, ಆದರೆ ನೀರು ಅದರ ಕೆಳಗಿನಿಂದ ಜಿನುಗಿ ಆಚೆಯ ಇಳಿಜಾರಿನಲ್ಲಿ ಎದ್ದಿತ್ತು. ಸಸಿಗಳನ್ನು ಅಲ್ಲಿ ನೆಟ್ಟೆವು. ಮರುವರ್ಷ ಇಳಿಜಾರು ಹಳದಿಯಾದಾಗ ಸಮಿತಿಯಲ್ಲಿ ಕೆಲವರು ಸಿಟ್ಟಾಗಿ, ಕೀಳಲು ಆಳುಗಳನ್ನು ಕಳಿಸಿದರು. ಕೈಗೆ ಬಟ್ಟೆ ಸುತ್ತಿಕೊಳ್ಳಿ ಎಂದು ಜೈನಬಿ ಅವರಿಗೆ ಎರಡೆರಡು ಸಲ ಹೇಳಿದಳು. ಅವರು ನಕ್ಕು ಬರಿಗೈಯಲ್ಲೇ ಕಿತ್ತು, ಗಿಡಗಳನ್ನು ಕೆಳಗಿನ ಕಾಲುವೆಗೆ ಎಸೆದು ಹೋದರು. ಮರುದಿನ ಬೊಬ್ಬೆ ಎದ್ದ ಕೈ ಹಿಡಿದುಕೊಂಡು ಬಂದವರಿಗೆ ತಣ್ಣೀರಲ್ಲಿ ತೊಳೆದು ಎಣ್ಣೆ ಹಚ್ಚಿದವಳೂ ಅವಳೇ. ಅವರಾರೂ ಮತ್ತೆ ಆ ಕೆಲಸಕ್ಕೆ ಒಪ್ಪಲಿಲ್ಲ. ಕಾಲುವೆಯ ಕೆಸರಿನಲ್ಲಿ ಬಿದ್ದ ಬುಡಗಳು ಬೇರುಬಿಟ್ಟವು. ಈಗ ಹೂವು ಊರಿನ ಕೆಳಗಿನವರೆಗೂ ಇದೆ.

ಜೈನಬಿ ಕಳೆದ ಮಾಘದಲ್ಲಿ ತೀರಿಕೊಂಡಳು. ಸಮಿತಿ ಈ ವರ್ಷ ಕಾಲುವೆಗೂ ಸಿಮೆಂಟು ಹಾಕುವ ಮಾತಾಡುತ್ತಿದೆ. ಹಾಕಲಿ, ಗಿಡದ ಬುಡ ಬಿಡಿಸಿ ಬೇರೆಡೆ ನೆಡುವುದು ಈಗ ಊರಿನ ಅರ್ಧ ಹೆಂಗಸರಿಗೆ ಗೊತ್ತು.

ನಿಮ್ಮಲ್ಲಿ ಆ ಹೂವು ಇನ್ನೂ ಪುಕ್ಕಟೆ ಅರಳುತ್ತಿದೆ. ಅದರ ಜೌಗನ್ನು ಮುಚ್ಚಬೇಡಿ. ಹಾಗಿದ್ದೂ ಮುಚ್ಚುವವರು ಬಂದರೆ, ಬೀಜ ಹಸಿಯಿರುವಾಗಲೇ ಬಿತ್ತಿ. ಉಪಯೋಗವೇನೆಂದು ಕೇಳಿದವರಿಗೆ ಉತ್ತರ ಕೊಡುತ್ತ ಹೊತ್ತು ಕಳೆಯಬೇಡಿ, ಅಷ್ಟರಲ್ಲಿ ಮಣ್ಣು ಒಣಗುತ್ತದೆ. ನನ್ನ ಸೆರಗಿನಲ್ಲಿ ಇಂದು ಆಯ್ದ ಬೀಜವಿದೆ. ಸಮಿತಿಯ ಕಚೇರಿಯ ಹಿಂದೆ ಒಳ್ಳೆಯ ಒದ್ದೆ ಮಣ್ಣಿದೆ. ಅಲ್ಲಿಗೇ ಹೊರಟಿದ್ದೇನೆ.

ದ್ಯಾವಕ್ಕ