ಬಾಣಂತಿಯ ತಂಬಿಗೆ ನೀರು

ಹಮೀದಾ ಖಾಲಾ,

ನಾನು ನಿಂಗಮ್ಮ, ಕೊಡಂಬಲದವಳು. ಹೆಸರು ಬರೆಯದಿದ್ದರೂ ಈ ಸೊಟ್ಟ ಅಕ್ಷರ ನೋಡಿಯೇ ನೀವು ಗುರುತು ಹಿಡಿಯುತ್ತಿದ್ದಿರಿ. ಮಠದ ಅಯ್ಯನವರ ಹತ್ತಿರ ಮರಳಿನ ಮೇಲೆ ತೀಡಿದ ಕನ್ನಡ, ಆಮೇಲೆ ಸ್ವಲ್ಪ ದಿನ ಉರ್ದು ಸಾಲೆ, ಅಷ್ಟರಲ್ಲಿ ಮದುವೆ. ಅಲ್ಲಿಗೇ ನಿಂತ ಓದು ನನ್ನದು. ತಪ್ಪಿದ್ದಲ್ಲಿ ತಿದ್ದಿ ಓದಿಕೊಳ್ಳಿ. ನೀವು ಹುಮನಾಬಾದಿನ ದವಾಖಾನೆ ಬಿಟ್ಟು ಹೋಗಿ ಒಂದು ಮಳೆಗಾಲ ಕಳೆಯಿತು. ನನ್ನನ್ನು ಹುಮನಾಬಾದಿನಿಂದ ಬಸವಣ್ಣನ ಕಲ್ಯಾಣಕ್ಕೆ ಕಳಿಸಿದ್ದಾರೆ. ಇಲ್ಲಿಯ ದವಾಖಾನೆಯಲ್ಲಿ ಹೆಂಗಸರ ಕೋಣೆಗೆ ನಾನೊಬ್ಬಳೇ ನರ್ಸು. ಏನಾದರೂ ಹೆಚ್ಚುಕಡಿಮೆಯಾದರೆ ತಿರುಗಿ ನೋಡಲು ಬೆನ್ನ ಹಿಂದೆ ನೀವಿಲ್ಲ. ಹೋದ ತಿಂಗಳು ಹಾಗೇ ಒಂದು ಆಯಿತು. ಅದನ್ನು ನಿಮಗೆ ಹೇಳದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಮೊದಲ ದಿನ ನೆನಪಿದೆಯೇ ನಿಮಗೆ? ನಾನು ಆಗ ನೆಲ ಒರೆಸುವವಳು. ಕೈಲಿದ್ದ ಅರಿವೆ ಕೆಳಗಿಡಿಸಿ, ಸೋಪು ಹಚ್ಚಿ ಕೈ ತೊಳೆಸಿ, ಒಂದು ಖಾಲಿ ಬಾಟಲಿ ಕೊಟ್ಟು ನೀರು ಬಗ್ಗಿಸು ಅಂದಿರಿ. ನಾನು ಬಗ್ಗಿಸಿದೆ. ನೀವು ಮಾತಾಡದೆ ಬಾಟಲಿ ಇಸಿದುಕೊಂಡು ಚೀಟಿ ಇದ್ದ ಮಗ್ಗುಲನ್ನು ನನ್ನ ಅಂಗೈಗೆ ತಿರುಗಿಸಿ ಮತ್ತೆ ಕೊಟ್ಟಿರಿ. ಔಷಧ ಸೋರಿದರೆ ಆಚೆ ಕಡೆ ಸೋರಲಿ, ಹೆಸರು ಅಳಿಸಬಾರದು ಎಂದು ಅದಕ್ಕೆ ಕಾರಣ. ಅಳತೆಯ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವುದು, ಕಪಾಟಿನಿಂದ ತೆಗೆಯುವಾಗ ಒಮ್ಮೆ, ಬಗ್ಗಿಸುವ ಮೊದಲು ಒಮ್ಮೆ, ತಿರುಗಿ ಇಡುವಾಗ ಒಮ್ಮೆ ಹೆಸರು ಓದುವುದು, ಎಲ್ಲ ನಿಮ್ಮಿಂದಲೇ ಬಂದದ್ದು. ನನಗೆ ಮೂರು ಸಲ ಸಾಲುತ್ತಿರಲಿಲ್ಲ. ಇಟ್ಟು ಹೋದವಳು ಬಾಗಿಲಿನಿಂದ ತಿರುಗಿ ಬಂದು ನೋಡುತ್ತಿದ್ದೆ. ಕಂಪೌಂಡರ್ ನಗುತ್ತಿದ್ದ. ಬಾಟಲಿಗೆ ಕಾಲು ಬಂದಾವೇನು, ಓಡಿ ಹೋಗತಾವೇನು ಅನ್ನುತ್ತಿದ್ದ. ನೀವು ಮಾತ್ರ ನಗಲಿಲ್ಲ.

"ಹೆದರಿಕಿ ಇರಲಿ ಬೇಟಿ," ಅಂದಿರಿ. "ಅದು ಇಲ್ಲದವರ ಕೈಯಾಗ ನಾ ಔಷಧ ಕೊಡಂಗಿಲ್ಲ. ಆದರ ಕಣ್ಣಾಗ ಇಟಗೋ, ಕೈಯಾಗ ಬ್ಯಾಡ. ಕೈ ನಡುಗಿದರ ಅಳತಿ ತಪ್ಪತದ."

ಹುಟ್ಟಿದಾಗಿನಿಂದ ಎಲ್ಲರೂ ಬೈದ ನನ್ನ ಗುಣವನ್ನು ಒಬ್ಬರಾದರೂ ಕೆಲಸಕ್ಕೆ ಬರುವ ವಸ್ತುವಿನಂತೆ ನೋಡಿದರಲ್ಲ ಎಂದು ಆ ದಿನ ನನಗೆ...

ಗಲಾಟೆಯ ವರ್ಷದ ಆ ಬಾಟಲಿಯನ್ನೂ ಮರೆತಿಲ್ಲ. ಹೈದರಾಬಾದಿನಿಂದ ಔಷಧದ ಪೆಟ್ಟಿಗೆ ಬರುವುದು ನಿಂತಿತ್ತು. ಅಂಗಡಿಗಳು ಅರ್ಧ ಬಾಗಿಲು ತೆರೆಯುತ್ತಿದ್ದ ಕಾಲ. ಕಪಾಟು ಬರಿದಾಗುತ್ತ ಬಂದಿತ್ತು. ಸೋರುವ ಮಾಳಿಗೆಯ ಕೆಳಗಿದ್ದ ಒಂದು ತುಂಬಿದ ಬಾಟಲಿಯ ಚೀಟಿ ನೆನೆದು ಉದುರಿಹೋಗಿತ್ತು. ಬಣ್ಣ ಕೆಮ್ಮಿನ ಔಷಧದ್ದೇ, ವಾಸನೆಯೂ ಅದೇ. ಹೊರಗೆ ಕೆಮ್ಮುವ ಮಕ್ಕಳ ತಾಯಂದಿರು ಕೂತಿದ್ದರು. ಇದು ಅದೇ ಇರಬೇಕು ಅಂತ ಎಲ್ಲರೂ ಅಂದೆವು. ನೀವು ಎದ್ದು ಹೋಗಿ ಅದನ್ನು ಮೋರಿಗೆ ಸುರಿದು ಬಂದಿರಿ. ಇರಬೇಕು ಅನ್ನುವುದನ್ನು ಮಕ್ಕಳ ಬಾಯಿಗೆ ಹಾಕಲು ಬರುವುದಿಲ್ಲ ಅಂದಿರಿ, ಅಷ್ಟೇ. ಆಮೇಲೆ ಆ ತಾಯಂದಿರ ಮುಂದೆ ನೀವೇ ಹೋಗಿ ನಿಂತು, ಔಷಧ ಇಲ್ಲ, ಬೆಚ್ಚಗೆ ಇಡ್ರಿ, ನಾಳೆ ತಂದು ತೋರಿಸ್ರಿ ಎಂದು ಒಬ್ಬೊಬ್ಬರಿಗೂ ಹೇಳಿದಿರಿ. ಒಬ್ಬಳು ನಿಮ್ಮನ್ನು ಶಪಿಸಿದಳು. ತಲೆ ತಗ್ಗಿಸಿ ಕೇಳಿಸಿಕೊಂಡಿರಿ. ಅಷ್ಟು ಗಟ್ಟಿತನ ಎಲ್ಲಿಂದ ತಂದಿದ್ದಿರಿ ಖಾಲಾ?

ಈಗ ನನ್ನ ಸುದ್ದಿ. ಹುಲಸೂರಿನ ಕಾಶಮ್ಮ ಎಂಬ ಬಾಣಂತಿಯನ್ನು ಗಾಡಿಯಲ್ಲಿ ಹಾಕಿಕೊಂಡು ತಂದರು. ಚೊಚ್ಚಲ ಹೆರಿಗೆ, ಮೈ ಕೆಂಡದಂತೆ ಸುಡುತ್ತಿತ್ತು. ಡಾಕ್ಟರ್ ಸಾಹೇಬರು ಬಾಣಂತಿ ಜ್ವರ ಎಂದು ಸಲ್ಫಾ ಮಾತ್ರೆ ಬರೆದರು. ಜೊತೆಗೆ ಸೋಡಾ ಪುಡಿ, ಮತ್ತು ನೀರು ಧಾರಾಳ ಎಂದೂ ಬರೆದರು. ಕಾಶಮ್ಮನ ಜೊತೆಗೆ ಅವಳ ಅತ್ತೆ ಭಾಗಮ್ಮ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಂಚದ ಪಕ್ಕ ಕೂತರೆ ಏಳುವವಳಲ್ಲ. ಸೊಸೆಯ ಹಣೆಯ ಮೇಲಿನ ಅರಿವೆ ಒಣಗಲು ಬಿಡುವವಳಲ್ಲ. ಇಂಥ ಅತ್ತೆ ಎಲ್ಲರಿಗೂ ಸಿಗಲಿ ಎಂದುಕೊಂಡೆ.

ಮಾತ್ರೆಯನ್ನು ನಾನೇ ನಿಂತು ನುಂಗಿಸುತ್ತಿದ್ದೆ. ಕೊಟ್ಟದ್ದು ಲೆಕ್ಕವಲ್ಲ, ಒಳಗೆ ಹೋದದ್ದು ಲೆಕ್ಕ ಅನ್ನುತ್ತಿದ್ದಿರಲ್ಲ, ಅದಕ್ಕೆ. ತಂಬಿಗೆ ತುಂಬಾ ನೀರಿಟ್ಟು ಹೋಗುತ್ತಿದ್ದೆ. ಬಂದಾಗೆಲ್ಲ ತಂಬಿಗೆ ಖಾಲಿ. ಸಮಾಧಾನವಾಗಿ ಮತ್ತೆ ತುಂಬುತ್ತಿದ್ದೆ. ಮರುದಿನ ಜ್ವರ ಇಳಿಯುವ ಹಾಗೆ ಕಂಡಿತು. ಆದರೆ ಕಾಶಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನರಳಲು ಶುರು ಮಾಡಿದಳು. ಮೂತ್ರ ಆಯಿತೇ ಎಂದು ಕೇಳಿದೆ. ಬೆಳಿಗ್ಗೆ ಇಷ್ಟೇ ಇಷ್ಟು ಅಂದಳು. ಪಾತ್ರೆ ತೆಗೆದು ನೋಡಿದರೆ ಇಟ್ಟಂಗಿ ತೊಳೆದ ನೀರಿನ ಕೆಂಪು ಬಣ್ಣ. ನೋಡಿದೊಡನೆ ನಿಮ್ಮ ಉಪ್ಪಿನ ಬಟ್ಟಲು ನೆನಪಾಯಿತು.

ನೀವು ಹುಮನಾಬಾದಿನಲ್ಲಿ ಒಂದು ಬಟ್ಟಲಿನ ತಳದಲ್ಲಿ ಚೂರು ನೀರು ಹಾಕಿ, ಅದರಲ್ಲಿ ಉಪ್ಪು ಕಲಕಿ ತೋರಿಸಿದ್ದಿರಿ. ಉಪ್ಪು ಕರಗದೆ ಹರಳಾಗಿ ಕೂತಿತ್ತು. ಸಲ್ಫಾ ಮಾತ್ರೆಯೂ ಹೀಗೇ, ರಕ್ತದಲ್ಲಿ ತನ್ನ ಕೆಲಸ ಮುಗಿಸಿ ಮೂತ್ರದ ದಾರಿಯಿಂದ ಹೊರಗೆ ಹೋಗಬೇಕು, ನೀರು ಕಡಿಮೆಯಾದರೆ ದಾರಿಯಲ್ಲೇ ಹರಳುಗಟ್ಟಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ ಎಂದಿರಿ. ಆದರೆ ಇವಳು ನೀರು ಕುಡಿದಿದ್ದಾಳಲ್ಲ? ತಂಬಿಗೆ ಖಾಲಿಯಾಗಿದೆಯಲ್ಲ? ಕಾಶಮ್ಮನ ನಾಲಿಗೆ ತೆಗೆಸಿ ನೋಡಿದೆ. ಮರದ ಚಕ್ಕೆಯಂತೆ ಒಣಗಿತ್ತು.

ಭಾಗಮ್ಮನನ್ನು ಕೇಳಿದೆ. ಅವಳು ಸ್ವಲ್ಪವೂ ಅಳುಕದೆ ಹೇಳಿದಳು.

"ಹಸಿ ಬಾಣಂತಿಗಿ ಯಾರರೆ ನೀರ ಕುಡಸ್ತಾರೇನ್ರಿ? ನಂಜ ಏರತದ. ನೀವು ಪಾಪ ಇಟ್ಟು ಇಟ್ಟು ಹೋಗಾಕತ್ತಿದ್ರಿ. ಚೆಲ್ಲಿದರ ನಿಮಗ ಬ್ಯಾಸರ ಆಗಬಾರದಂತ ನಾನೇ ಕುಡದೇನ್ರಿ."

"ಎಲ್ಲಾ?"

"ಎಲ್ಲಾ. ಹೊಟ್ಟಿ ಉಬ್ಬಿ ಡಬ್ಬಿ ಆಗ್ಯಾದ ನೋಡ್ರಿ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸೊಸೆಯ ಜೀವ ಉಳಿಸಲು, ನನ್ನ ಮನಸ್ಸೂ ನೋಯಬಾರದೆಂದು, ಆ ಮುದುಕಿ ಅಷ್ಟೂ ನೀರನ್ನು ತಾನು ಕುಡಿದಿದ್ದಳು. ಮಧ್ಯಾಹ್ನದ ಮಾತ್ರೆಯ ಹೊತ್ತಾಗಿತ್ತು. ಸಾಹೇಬರು ಹುಮನಾಬಾದಿಗೆ ಹೋಗಿದ್ದರು, ಸಂಜೆಯ ಬಸ್ಸಿಗೇ ಬರುವುದು. ಬರೆದ ಮಾತ್ರೆ ನಿಲ್ಲಿಸಲು ನಾನು ಯಾರು? ಕೊಟ್ಟರೆ ಮೂತ್ರ ಪೂರ್ತಿ ಕಟ್ಟೀತು. ನಿಲ್ಲಿಸಿದರೆ ಜ್ವರ ತಿರುಗಿ ಏರೀತು. ಮಾತ್ರೆ ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೂ ಮಂಚಕ್ಕೂ ಅಲೆದೆ. ಸಂಶಯ ಬಂದ ಔಷಧವನ್ನು ತಡೆದು ಹಿಡಿ, ತಡೆದ ಮೇಲೆ ಸುಮ್ಮನೆ ಕೂಡಬೇಡ, ತಕ್ಷಣ ಕೇಳಿ ಕಳಿಸು ಎಂದಿದ್ದಿರಿ. ಮಾತ್ರೆಯನ್ನು ತಿರುಗಿ ಶೀಶೆಯಲ್ಲಿಟ್ಟೆ. ಹುಮನಾಬಾದಿಗೆ ಹೊರಟಿದ್ದ ಲಾರಿಯವನ ಕೈಯಲ್ಲಿ ಸಾಹೇಬರಿಗೆ ಹೇಳಿ ಕಳಿಸಿದೆ. ಆಮೇಲೆ ಭಾಗಮ್ಮನ ಮುಂದೆ ಬಂದು ನೆಲದ ಮೇಲೆ ಕೂತೆ.

ಬೈಯಲಿಲ್ಲ ಖಾಲಾ. ನೀವೂ ಬೈಯುತ್ತಿರಲಿಲ್ಲ. ಅಡುಗೆಮನೆಯಿಂದ ಉಪ್ಪು ತಂದು, ನೀವು ತೋರಿಸಿದ ಹಾಗೇ ಬಟ್ಟಲಲ್ಲಿ ಕಲಕಿ ತೋರಿಸಿದೆ. ನಿಮ್ಮಷ್ಟು ಚಂದ ಹೇಳಲು ಬರಲಿಲ್ಲ, ನಡುನಡುವೆ ತೊದಲಿದೆ. ಅವಳು ಬೆರಳಿನಿಂದ ಉಪ್ಪನ್ನು ಮುಟ್ಟಿ ನೋಡಿದಳು. ಬಟ್ಟಲಿಗೆ ಇನ್ನಷ್ಟು ನೀರು ತಾನೇ ಸುರಿದಳು. ಕರಗುವತನಕ ನೋಡುತ್ತ ಕೂತಳು.

"ಅಜವಾನ ಹಾಕಿ ಕಾಯಿಸಿದ ನೀರ ನಡೀತದೇನ್ರಿ?" ಅಂದಳು ಕಡೆಗೆ. "ಅದಾದರ ಬಾಣಂತಿಗಿ ಸೈ. ಅದು ನೀರಲ್ಲ, ಕಷಾಯ."

ನಡೆಯುತ್ತದೆ, ಎಷ್ಟು ಬೇಕಾದರೂ ನಡೆಯುತ್ತದೆ ಅಂದೆ. ಆಮೇಲೆ ನೋಡಬೇಕಿತ್ತು ನೀವು. ಒಲೆಯ ಮುಂದಿನಿಂದ ಅವಳು ಏಳಲಿಲ್ಲ. ಸೊಸೆ ಸಾಕು ಅಂದರೆ ಗದರಿಸಿ ಕುಡಿಸುತ್ತಿದ್ದಳು. ಸಾಹೇಬರು ಬಸ್ಸಿಳಿದವರು ಮನೆಗೂ ಹೋಗದೆ ನೇರ ಕೋಣೆಗೆ ಬಂದರು. ನಡೆದದ್ದನ್ನೆಲ್ಲ ಹೇಳಿ ಪಾತ್ರೆಯನ್ನು ಮುಂದಿಟ್ಟೆ. ಪಾತ್ರೆ ನೋಡಿದರು, ಕಾಶಮ್ಮನ ಸೊಂಟ ಮುಟ್ಟಿ ನೋಡಿದರು. ಮಾತ್ರೆ ನಿಲ್ಲಿಸಿದ್ದು ಸರಿ, ಮೂತ್ರ ತಿಳಿಯಾಗುವ ತನಕ ಸೋಡಾ ಮತ್ತು ನೀರು ನಡೆಯಲಿ ಅಂದರು. ನೀರು ಕುಡಿಸಬೇಕು ಎಂದು ಅತ್ತೆಗೆ ತಾವೇ ಬಿಡಿಸಿ ಹೇಳಬೇಕಿತ್ತು ಎಂದು ತಮ್ಮ ತಪ್ಪನ್ನೂ ಒಪ್ಪಿಕೊಂಡರು. ದೊಡ್ಡ ಮನಸ್ಸಿನವರು.

ಬೆಳಗಿನ ಜಾವ ಕಾಶಮ್ಮ ಪಾತ್ರೆ ಕೇಳಿದಳು. ಖಾಲಾ, ಬಂಗಾರ ಕಂಡರೂ ನಾನು ಅಷ್ಟು ಹಿಗ್ಗುತ್ತಿರಲಿಲ್ಲ. ಪಾತ್ರೆಯನ್ನು ಬೆಳಕಿಗೆ ಹಿಡಿದು ಭಾಗಮ್ಮನೂ ನಾನೂ ತಲೆಗೆ ತಲೆ ಹಚ್ಚಿ ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ತಿಳಿಯಾಯಿತು. ಸಾಹೇಬರು ಮಾತ್ರೆ ಮತ್ತೆ ಶುರು ಮಾಡಿಸಿದರು. ಜ್ವರ ಬಿಟ್ಟಿತು. ಕೂಸು ಮೊಲೆಗೆ ಬಾಯಿ ಹಾಕಿತು. ಬಂದ ಗಾಡಿಯಲ್ಲೇ ಅವರು ಹುಲಸೂರಿಗೆ ಹೋದರು, ಕಾಶಮ್ಮ ಈ ಸಲ ಎದ್ದು ಕೂತುಕೊಂಡು.

ಇಷ್ಟಕ್ಕೇ ಮುಗಿಯಲಿಲ್ಲ. ನಿನ್ನೆ ಸಂತೆಗೆ ಬಂದವರ ಹತ್ತಿರ ಭಾಗಮ್ಮ ಹೇಳಿ ಕಳಿಸಿದ್ದಾಳೆ. ಅವಳ ಮಗಳೂ ಈಗ ಹಸಿ ಬಾಣಂತಿಯಂತೆ, ಅದೇ ಊರಿನಲ್ಲಿ ಗಂಡನ ಮನೆಯಲ್ಲಿದ್ದಾಳಂತೆ. ಬೀಗತಿ ನೀರು ಮುಟ್ಟಿಸುತ್ತಿಲ್ಲವಂತೆ. ಭಾಗಮ್ಮ ಹೋಗಿ ಉಪ್ಪು ಕಲಕಿ ತೋರಿಸಿದರೆ, ನಿನಗ ಯಾರು ಡಾಕ್ಟರಕಿ ಪಟ್ಟ ಕಟ್ಯಾರ ಎಂದು ಮುಖ ತಿರುಗಿಸಿದಳಂತೆ. ನರ್ಸಬಾಯಿ ಬಂದು ಹೇಳಬೇಕು ಎಂದು ಭಾಗಮ್ಮನ ಹಟ.

ನಿಮಗೆ ನಾನು ಗೊತ್ತು. ಒಬ್ಬಳೇ ಬಸ್ಸು ಹತ್ತಿದವಳಲ್ಲ, ಗುರುತಿಲ್ಲದ ಮನೆಯ ಹೊಸ್ತಿಲು ದಾಟಲು ಜೀವ ಹಿಡಿಯಾಗುತ್ತದೆ. ಅಂಥವಳು ಸಾಹೇಬರನ್ನೂ ಕೇಳದೆ, ಎದುರು ನಿಂತ ಸಂತೆಯವರಿಗೆ ಬರ್ತೇನಿ ಅಂದುಬಿಟ್ಟೆ. ಬಾಯಿಂದ ಬಂದದ್ದು ನನ್ನ ಮಾತೇ ಎಂದು ಆಮೇಲೆ ಗಾಬರಿಯಾಯಿತು. ರಜೆ ಕೇಳಿದ್ದೇನೆ, ಸಾಹೇಬರು ಹೂಂ ಅಂದಿದ್ದಾರೆ. ಸೋಮವಾರ ಹುಲಸೂರಿಗೆ ಹೋಗುತ್ತೇನೆ ಖಾಲಾ. ಬೀಗತಿ ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲೆ ಕೂಡುತ್ತೇನೆ. ತೆರೆಯುವ ತನಕ ಏಳುವುದಿಲ್ಲ.

ನಿಮ್ಮ
ನಿಂಗಮ್ಮ