ಬಲೆ ಹಾಕದ ಓಣಿ

ಖೆರ್ಸೋನ್
೨೩ ನವೆಂಬರ್ ೨೦೨೫, ಭಾನುವಾರ

ನನ್ನ ಮುದ್ದು ಒರಿಸ್ಯಾ,

ಹೇಗಿದ್ದೀ ಎಂದು ಕೇಳುವ ಧೈರ್ಯ ನನಗಿಲ್ಲ. ಫೋನಿನಲ್ಲಿ ನೀನು ಕೇಳಿದ್ದಕ್ಕೆಲ್ಲ ಅರ್ಧಂಬರ್ಧ ಉತ್ತರ ಕೊಟ್ಟೆ. ನೀನು ಅತ್ತರೆ ನನಗೂ ಅಳು ಬರುತ್ತದೆ, ಅಷ್ಟರಲ್ಲಿ ಲೈನು ಹೋಗುತ್ತದೆ. ಒಂಬತ್ತನೆಯ ದಿನದ ಊಟ ಮುಗಿಯಿತು. ಇವತ್ತು ಆಂಬುಲೆನ್ಸ್ ಡ್ಯೂಟಿಯೂ ಇಲ್ಲ. ಒಡೆಸ್ಸಾಗೆ ಹೋಗುವ ವ್ಯಾನಿನವರು ನಾಳೆ ಕಾಗದ ಒಯ್ಯುತ್ತೇವೆ ಎಂದಿದ್ದಾರೆ. ಅದಕ್ಕೇ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿಮ್ಮಮ್ಮನನ್ನು ಮಣ್ಣು ಮಾಡಿದ ವಿಷಯ ಮೊದಲು ಹೇಳಿಬಿಡುತ್ತೇನೆ. ನೀನು ಬರುವವರೆಗೆ ಇಟ್ಟುಕೊಳ್ಳೋಣ ಎಂದು ಪಾದ್ರಿಗಳನ್ನು ಬೇಡಿಕೊಂಡೆ. ಅವರು ಆಕಾಶ ತೋರಿಸಿದರು. ಸ್ಮಶಾನದ ಮೇಲೆ ಡ್ರೋನ್ ಸುತ್ತದ ದಿನವೇ ಇಲ್ಲವಾಗಿದೆ, ಮಂಜು ಕವಿದಿದ್ದರಷ್ಟೇ ಅವಕ್ಕೆ ಕಣ್ಣು ಕಾಣುವುದಿಲ್ಲ. ನಾನು ಊರು ತಲುಪಿದ ಮರುದಿನ ಬೆಳಿಗ್ಗೆ ಒಳ್ಳೆಯ ಮಂಜಿತ್ತು. "ರೈಸಾ, ಇವತ್ತೇ ಮುಗಿಸೋಣಮ್ಮಾ, ನಾಳೆ ಬಿಸಿಲು ಬಂದ್ರೆ ಹೊತ್ತವರನ್ನೂ ಹೂಳಬೇಕಾಗುತ್ತೆ," ಎಂದರು. ಏಳೇ ಜನ ಇದ್ದೆವು. ಪ್ರಾರ್ಥನೆಯನ್ನು ಅವರು ಬೇಗ ಬೇಗ ಹೇಳಿದರು. ನಿನ್ನ ಪರವಾಗಿ ಒಂದು ಹಿಡಿ ಮಣ್ಣು ನಾನೇ ಹಾಕಿದೆ. ಅತ್ತೆಗೆ ನೀಲಿ ಸ್ಕಾರ್ಫ್ ಕಟ್ಟಿದ್ದೆ, ನಿನ್ನ ಅಣ್ಣನ ಮದುವೆಯಲ್ಲಿ ಕಟ್ಟಿಕೊಂಡಿದ್ದರಲ್ಲ, ಅದೇ.

ಅತ್ತೆ ಊರು ಬಿಡಲಿಲ್ಲ ಎಂದು ನೀನು ನನ್ನ ಮೇಲೆ ಎಷ್ಟೋ ಸಲ ರೇಗಿದ್ದೀ. ಎಳೆದುಕೊಂಡು ಹೋಗಬಹುದಿತ್ತು ಎಂದಿದ್ದೀ. ನಿನ್ನ ಅಣ್ಣ ಒಸ್ತಾಪ್ ನೌಕಾದಳದವರ ಜೊತೆ ಹೊಳೆ ದಾಟಿ ಹೋದವನು ತಿರುಗಿ ಬರಲಿಲ್ಲ. ದೇಹವೂ ಸಿಗಲಿಲ್ಲ, ಸತ್ತನೆಂಬ ಕಾಗದವೂ ಬರಲಿಲ್ಲ. ನಿಮ್ಮಮ್ಮ ದಿನಾ ಮಹಡಿಯ ಕಿಟಕಿಯಿಂದ, ರಷ್ಯಾದವರು ಹಿಡಿದಿರುವ ಆಚೆ ದಡ ನೋಡುತ್ತಿದ್ದರು. "ನನ್ನ ಮಗ ಅಲ್ಲಿದಾನೆ. ನಾನು ಎದ್ದು ಹೋಗ್ಬಿಟ್ರೆ ಅವನು ಬಂದು ಯಾರನ್ನ ಕೇಳ್ತಾನೆ? ನೀನು ಹೋಗೋದಾದ್ರೆ ಹೋಗು, ನಿನಗೆ ವಯಸ್ಸಿದೆ," ಎನ್ನುತ್ತಿದ್ದರು. ನಾನು ಹೋಗಲಿಲ್ಲ. ಗಂಡ ಇಲ್ಲದ ಮೇಲೆ ಅತ್ತೆಯ ಜೊತೆ ಯಾಕಿದ್ದೀಯ ಎಂದು ನನ್ನ ಅಕ್ಕ ಕೇಳಿದ್ದಳು. ಬೆಳಿಗ್ಗೆ ನಾನು ಆಂಬುಲೆನ್ಸ್ ಇಳಿದು ಬಂದರೆ ಅತ್ತೆ ಬಾಗಿಲಲ್ಲೇ ನಿಂತು ನನ್ನ ಕೈಕಾಲು ಎಲ್ಲ ಸರಿಯಾಗಿವೆಯೇ ಎಂದು ನೋಡಿ, ಆಮೇಲೆ ಬೈಯಲು ಶುರುಮಾಡುತ್ತಿದ್ದರು. ಅಂಥ ಒಬ್ಬರು ನನಗೆ ಬೇರೆ ಎಲ್ಲಿದ್ದರು?

ತಮಾಷೆಯನ್ನೂ ಬಿಟ್ಟಿರಲಿಲ್ಲ. ಡೆನ್ಮಾರ್ಕಿನ ಮೀನುಗಾರರ ಹಳೆಯ ಬಲೆಗಳನ್ನು ನಮ್ಮ ದೊಡ್ಡ ರಸ್ತೆಯ ಮೇಲೆ ಕಂಬದಿಂದ ಕಂಬಕ್ಕೆ ಹರಡಿ ಕಟ್ಟಿದರಲ್ಲ, ಡ್ರೋನ್ ಬಂದರೆ ಸಿಕ್ಕಿಹಾಕಿಕೊಳ್ಳಲಿ ಎಂದು, ಆ ದಿನ ಪಕ್ಕದ ಮನೆಯ ತಮಿಲಾಳನ್ನು ಕರೆದುಕೊಂಡು ನೋಡಲು ಹೋಗಿದ್ದರು. ಬಂದವರೇ, "ಯೂರೋಪಿನವರು ನಮ್ಮನ್ನ ಮೀನು ಅಂದ್ಕೊಂಡಿದಾರೆ ಕಣೇ. ವಾಸನೆ ಹಂಗೇ ಇದೆ. ಒಂದು ಮೀನಾದ್ರೂ ಬಿಟ್ಟಿದ್ರೆ ಹುರ್ಕೋಬಹುದಿತ್ತು," ಎಂದರು. ತಮಿಲಾ ನಕ್ಕು ನಕ್ಕು ಕೆಮ್ಮಿದಳು. ಬಲೆ ನಮ್ಮ ಓಣಿಯವರೆಗೆ ಬರುವಷ್ಟರಲ್ಲಿ ಮುಗಿದಿತ್ತು. ಮುಂದಿನ ಲಾರಿಯಲ್ಲಿ ಬರುತ್ತದೆ ಎಂದರು.

ಅತ್ತೆಗೆ ನಿನ್ನ ಮೇಲಿದ್ದ ಕೋಪದ ವಿಷಯವನ್ನು ನಾನು ಬರೆಯದೆ ಬಿಟ್ಟರೂ ನೀನು ಬಿಡುವವಳಲ್ಲ. "ಅಮ್ಮ ನನ್ನ ಮೇಲೆ ಸಿಟ್ಟು ಇಟ್ಕೊಂಡೇ ಹೋದ್ಲು" ಎಂದು ಫೋನಿನಲ್ಲಿ ಎಷ್ಟು ಸಲ ಅಂದೆ. ಎಲ್ಲ ಶುರುವಾದದ್ದು ಹೋದ ಚಳಿಗಾಲದ ಆ ವಿಡಿಯೋದಿಂದ. ಯಾವುದೋ ದೇಶದ ರಾಜಕಾರಣಿ, ಹೊಳೆಯಾಚೆಯ ದಡವನ್ನು ಬಿಟ್ಟುಕೊಟ್ಟು ಶಾಂತಿ ಮಾಡಿಕೊಳ್ಳುವುದೇ ಜಾಣತನ ಎಂದು ಭಾಷಣ ಮಾಡಿದ. ದುಭಾಷಿಯ ಕೆಲಸ ನಿನ್ನದು, ಅವನು ಹೇಳಿದ್ದನ್ನು ನೀನು ನಮ್ಮ ಭಾಷೆಯಲ್ಲಿ ಹೇಳಿದೆ. ಆ ತುಣುಕು ಎಲ್ಲರ ಫೋನಿಗೂ ಬಂತು. ಅತ್ತೆಗೆ ಅವನ ಮುಖ ಕಾಣಲೇ ಇಲ್ಲ. ನಿನ್ನ ದನಿ ಮಾತ್ರ ಕೇಳಿಸಿತು. ಅದು ನಿನ್ನ ಮಾತಲ್ಲ, ಕೆಲಸ ಎಂದು ನಾನು ಎಷ್ಟು ಹೇಳಿದೆ. "'ನನ್ನ ಅಭಿಪ್ರಾಯದಲ್ಲಿ' ಅಂದ್ಲಲ್ಲೇ! 'ಅವನ ಅಭಿಪ್ರಾಯದಲ್ಲಿ' ಅಂತ ಒಂದು ಮಾತು ಸೇರಿಸಿದ್ರೆ ನಾಲಿಗೆ ಸವೀತಿತ್ತಾ? ಅಣ್ಣ ಬಿದ್ದಿರೋ ನೆಲ ಅದು," ಎಂದರು. ಅಂದಿನಿಂದ ನಿನ್ನ ಕರೆ ಬಂದರೆ ಫೋನನ್ನು ನನ್ನ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದರು. ನೀರಿಲ್ಲದ ದಿನವೂ.

ಬ್ರಸೆಲ್ಸಿಗೆ ನನ್ನನ್ನು ನೀನು ಕರೆದಾಗ ಅತ್ತೆ ತಡೆಯಲಿಲ್ಲ ಎನ್ನುವುದನ್ನು ನೆನಪಿಡು. ಆಂಬುಲೆನ್ಸ್ ಮೇಲೆ ಡ್ರೋನ್ ಬೀಳುವುದನ್ನು ಅಲ್ಲಿದ್ದವರ ಬಾಯಿಂದಲೇ ಯೂರೋಪಿನ ದೇಶಗಳ ಆ ಸಭೆಯವರು ಕೇಳಲಿ ಎಂದು ನೀನು ಓಡಾಡಿ ನನ್ನ ಹೆಸರು ಹಾಕಿಸಿದೆ. ನನಗೆ ಹೆದರಿಕೆ. "ಹೋಗು, ಹೋಗಿ ಬಾ. ಯೂರೋಪಿನವರು ಗೋಡೆ ಕಟ್ತಾರಂತಲ್ಲ ಡ್ರೋನ್ ತಡೆಯೋಕೆ, ಆ ಗೋಡೆಗೆ ನಾವು ಒಳಗೋ ಹೊರಗೋ ಕೇಳ್ಕೊಂಡು ಬಾ," ಎಂದು ಅತ್ತೆಯೇ ನನ್ನ ಕೋಟಿನ ಗುಂಡಿ ಹೊಲಿದು ಕೊಟ್ಟರು. ಹೊರಡುವಾಗ ಒರಿಸ್ಯಾಗೆ ಏನು ಹೇಳಲಿ ಎಂದು ಕೇಳಿದೆ. "ಏನೂ ಹೇಳ್ಬೇಡ. ಊರವರ ಮಾತು ಹೇಳೋದ್ರಲ್ಲೇ ಅವಳಿಗೆ ಪುರುಸೊತ್ತಿಲ್ಲ," ಎಂದರು. ನಾನು ನಿನ್ನ ಮನೆಗೆ ಬಂದು ಕಾಲಿಟ್ಟ ಕೂಡಲೇ ಅಮ್ಮ ಏನಂದಳು ಎಂದು ನೀನು ಕೇಳಿದೆ. ಕೇಳಿದ್ದೇನೆಂದು ಹೇಳು ಅಂದರು ಎಂದೆ. ನೀನು ಒಲೆಯ ಕಡೆ ತಿರುಗಿ ನಿಂತೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಿನಗೆ ಗೊತ್ತು.

ಆ ಸಭೆಯಲ್ಲಿ ನಾನು ಏನೂ ಸಾಧಿಸಲಿಲ್ಲ. ನೀನು ಚೆನ್ನಾಗಿ ಮಾತಾಡಿದೆ ಎನ್ನುತ್ತೀ, ಅದು ನಿನ್ನ ಪ್ರೀತಿ. ಎರಡು ವಿಷಯ ಕೇಳಬೇಕು ಎಂದು ನೀನು ಬಾಯಿಪಾಠ ಮಾಡಿಸಿದ್ದೆ: ಗುಂಡು ತೂರದ ಆಂಬುಲೆನ್ಸ್, ಡ್ರೋನಿನ ಸಿಗ್ನಲ್ ಕೆಡಿಸುವ ಯಂತ್ರ. ಸೈಕಲ್ಲಿನಲ್ಲಿ ಹಾಲು ಮಾರುತ್ತಾ ಡ್ರೋನಿಗೆ ಬಲಿಯಾದ ಹೆಂಗಸಿನ ವಿಷಯ ಹೇಳುತ್ತಾ ನನಗೆ ಅಳು ಬಂದುಬಿಟ್ಟಿತು, ಯಂತ್ರದ ಮಾತು ಮರೆತೇಹೋಯಿತು. ಅವರೇನೂ ಕೆಟ್ಟವರಲ್ಲ. ಒಬ್ಬಾಕೆ ನೀರು ತಂದುಕೊಟ್ಟಳು. ಆದರೆ ನಾನು ಕೂತ ಮೇಲೆ ಅವರವರಲ್ಲೇ ವಾದ ಎದ್ದಿತು. ಪೋಲೆಂಡಿನ ಆಕಾಶಕ್ಕೂ ಡ್ರೋನ್ ನುಗ್ಗಿದ ಮೇಲೆ ಎಲ್ಲರಿಗೂ ಅವರವರ ಗಡಿಯ ಚಿಂತೆ. ಗೋಡೆಯ ಖರ್ಚು ಎಲ್ಲರೂ ಹಂಚಿಕೊಳ್ಳಬೇಕು ಎಂದು ಪೂರ್ವದವನೊಬ್ಬ ಅಂದ. ನಮ್ಮ ಅಪಾಯ ಸಮುದ್ರದ ಕಡೆಯಿಂದ, ರಷ್ಯಾ ನಮಗೆ ದೂರ ಎಂದು ದಕ್ಷಿಣದವನೊಬ್ಬ ಅಂದ. ಅತ್ತೆ ಕೇಳಿಕೊಂಡು ಬಾ ಎಂದಿದ್ದ ಪ್ರಶ್ನೆ ನನ್ನ ಬಾಯಿಯವರೆಗೆ ಬಂತು. ಕೈ ಎತ್ತಲಿಲ್ಲ. ಅಷ್ಟರಲ್ಲಿ ಹೊತ್ತು ಮುಗಿದಿತ್ತು. ನೀನು ದುಭಾಷಿಗಳ ಗಾಜಿನ ಗೂಡಿನೊಳಗಿಂದ ನನಗೆ ಕೈ ಬೀಸಿದೆ, ನಾನು ಏರ್‌ಪೋರ್ಟಿಗೆ ಓಡಿದೆ.

ನಮ್ಮ ಗಡಿಯಾಚೆ ಕಿಷಿನೋವಿನಲ್ಲಿ ವಿಮಾನ ಇಳಿದು ಫೋನ್ ಹಚ್ಚಿದಾಗ ತಮಿಲಾಳ ಕರೆಗಳು ಸಾಲಾಗಿ ಬಂದಿದ್ದವು. ಬೆಲ್ಟಿನ ಮೇಲೆ ನನ್ನ ಪೆಟ್ಟಿಗೆ ಸುತ್ತುತ್ತಿತ್ತು, ಅದನ್ನು ಎತ್ತಿಕೊಳ್ಳಬೇಕು ಎಂದು ನನಗೆ ತೋಚಲಿಲ್ಲ. ಯಾರೋ ಮುದುಕ ಎತ್ತಿಕೊಟ್ಟ. ಆಮೇಲೆ ನಿನಗೆ ಫೋನ್ ಮಾಡಿದೆ. ನಿನ್ನ ಮೊದಲ ಪ್ರಶ್ನೆಯೇ, "ಅಮ್ಮ ಯಾಕೆ ಹೊರಗೆ ಹೋದ್ಲು?" ಎಲೆ ಉದುರಿದ ಮೇಲೆ ನಿಮ್ಮಮ್ಮ ಮನೆ ದಾಟುವುದಿಲ್ಲ ಎಂದು ನಿನಗೂ ಗೊತ್ತಿತ್ತು. ಬೇಸಿಗೆಯಲ್ಲಾದರೆ ಮರದ ನೆರಳು ಮರೆಮಾಡುತ್ತದೆ, ಈಗ ಮೇಲಿನಿಂದ ಎಲ್ಲ ಬೋಳು. ಬ್ರೆಡ್ ತರಲು ಎಂದೆ. ಶಾಲೆಯ ನೆಲಮಾಳಿಗೆಯಲ್ಲಿ ಬ್ರೆಡ್ ಹಂಚುತ್ತಾರೆ, ಮನೆಯಲ್ಲಿ ಮುಗಿದಿತ್ತು, ತಮಿಲಾಳ ಜೊತೆ ಹೋಗಿದ್ದರು ಎಂದೆ.

ನಡೆದದ್ದು ಹೀಗೆ. ದೊಡ್ಡ ರಸ್ತೆಯಲ್ಲಿ ಬಲೆಯ ಕೆಳಗೆ ಇಬ್ಬರೂ ಸಲೀಸಾಗಿ ನಡೆದು ಬಂದರು. ನಮ್ಮ ಓಣಿಗೆ ತಿರುಗಿದಾಗ ಸದ್ದು ಕೇಳಿಸಿತು. ತಮಿಲಾ ಗೋಡೆಯ ಬುಡಕ್ಕೆ ಬಿದ್ದಳು. ಅತ್ತೆ ಏಪ್ರಿಕಾಟ್ ಮರದ ಕೆಳಗೆ ಹೋಗಿ ಕಾಂಡಕ್ಕೆ ಅಂಟಿಕೊಂಡು ನಿಂತರು. ಒಂದೆಲೆಯೂ ಇಲ್ಲದ ಮರ. ಡ್ರೋನ್ ಬಂದು ಅವರ ಎದುರು ನಿಂತಿತಂತೆ, ಒರಿಸ್ಯಾ. ಹೊಳೆಯಾಚೆ ಕೂತವನು ಪರದೆಯಲ್ಲಿ ನೋಡಿದ್ದಾನೆ, ಮುದುಕಿ, ಕೈಯಲ್ಲಿ ಕೋಲು. ನೋಡಿದ ಮೇಲೂ ಬಾಂಬು ಹಾಕಿದ.

ನನ್ನ ಆಂಬುಲೆನ್ಸೇ ಬಂದದ್ದು. ಡ್ರೈವರ್ ಹೋರ್ದಿ ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಬೇಕಾಯಿತು, ಮೇಲೆ ಇನ್ನೊಂದು ಸುತ್ತುತ್ತಿತ್ತು. ಗಾಡಿ ಬಿಟ್ಟು ಓಡಿ ಹೋದನಂತೆ. ಉಸಿರು ಆಗಲೇ ನಿಂತಿತ್ತು. ನನ್ನ ಮುಂದೆ ಕೂತು ಆ ದೊಡ್ಡ ಗಂಡಸು ಟೊಪ್ಪಿಯಲ್ಲಿ ಮುಖ ಮುಚ್ಚಿಕೊಂಡ. "ನೀನಿದ್ದಿದ್ರೂ ಏನೂ ಆಗ್ತಿರ್ಲಿಲ್ಲ ರೈಸಾ," ಎಂದ. ಇರಬಹುದು. ಆ ಹೊತ್ತಿಗೆ ನಾನು ಕೂರುವ ಸೀಟು ಖಾಲಿ ಇತ್ತು, ನಾನು ಬ್ರಸೆಲ್ಸಿನಲ್ಲಿ ಏರ್‌ಪೋರ್ಟಿಗೆ ಓಡುತ್ತಿದ್ದೆ. ನೋವು ಅನುಭವಿಸಲಿಲ್ಲ ಎಂದು ನಿನಗೆ ಹೇಳಿದ್ದೆನಲ್ಲ, ಅದು ನಿಜ. ದೇಹ ತೊಳೆದವಳು ನಾನು, ನನಗೆ ಗೊತ್ತಾಗುತ್ತದೆ.

ನಿನ್ನ ತಪ್ಪು ಎಂದು ನೀನು ಅನ್ನುವುದನ್ನು ನಿಲ್ಲಿಸು. ನನ್ನನ್ನು ಕರೆಯದಿದ್ದರೆ ಎನ್ನುತ್ತೀ. ಕರೆಯದಿದ್ದರೆ ಅವತ್ತು ನನಗೆ ಡ್ಯೂಟಿ ಇರುತ್ತಿತ್ತು, ಅವರು ಮನೆಯಲ್ಲಿ ಒಬ್ಬರೇ ಇರುತ್ತಿದ್ದರು, ಆಗಲೂ ಬ್ರೆಡ್ ತರಲು ಹೋಗುತ್ತಿದ್ದರು. ಕೊಂದವನು ಹೊಳೆಯಾಚೆ ಇದ್ದಾನೆ. ಅವನ ಪಾಲಿನದ್ದನ್ನು ನೀನು ಹೊತ್ತುಕೊಳ್ಳಬೇಡ.

ನಲವತ್ತನೆಯ ದಿನಕ್ಕೆ ಬರುತ್ತೇನೆ ಎಂದಿದ್ದೀ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮಿಕೊಲಾಯಿವ್‌ವರೆಗೆ ಬಂದು ಫೋನ್ ಮಾಡು. ಹೋರ್ದಿ ಗಾಡಿ ತರುತ್ತಾನೆ, ಮಂಜು ನೋಡಿಕೊಂಡು ಊರೊಳಗೆ ಬರೋಣ. ನಾನು ಎಲ್ಲಿಗೂ ಹೋಗುವುದಿಲ್ಲ. ಹೋಗು ಎಂದು ಬೈಯಲು ಈಗ ಮನೆಯಲ್ಲಿ ಯಾರೂ ಇಲ್ಲ.

ನಿನ್ನ ಅತ್ತಿಗೆ,
ರೈಸಾ

ಮರೆತ ಮಾತು: ಕಾಗದ ಮಡಿಚಿಟ್ಟು ಒಲೆ ಹಚ್ಚಿದೆ, ಮತ್ತೆ ತೆರೆದೆ. ಬ್ರೆಡ್ ತರಲು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಮನೆಯಲ್ಲಿ ಬ್ರೆಡ್ ಇತ್ತು. ನೀನು ಇಲ್ಲಿಗೆ ಬಂದರೆ ತಮಿಲಾ ಬಾಯಿ ಬಿಡದೆ ಇರುವವಳಲ್ಲ, ನನ್ನಿಂದಲೇ ತಿಳಿಯಲಿ. ಇದನ್ನು ಹೇಳಿದರೂ ನಿನಗೆ ನೋವು, ಹೇಳದಿದ್ದರೂ ನೋವು. ಯಾವುದು ಕಡಿಮೆಯೋ ನನಗೆ ತಿಳಿಯದು. ಅವತ್ತು ಮನೆಯಲ್ಲಿ ಕರೆಂಟು ಇರಲಿಲ್ಲ. ಶಾಲೆಯ ನೆಲಮಾಳಿಗೆಯಲ್ಲಿ ಜನರೇಟರ್ ಇದೆ, ಇಂಟರ್ನೆಟ್ ಇದೆ. ಸಭೆಯನ್ನು ಫೋನಿನಲ್ಲಿ ತೋರಿಸುತ್ತಾರಂತೆ, ನನ್ನನ್ನು ಕರೆದುಕೊಂಡು ಹೋಗು ಎಂದು ತಮಿಲಾಳ ಬೆನ್ನು ಬಿದ್ದು ಹೋಗಿದ್ದರು. ನಾನು ನಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದೆ, ತಮಿಲಾ ಅದನ್ನೇ ಹಾಕಿಕೊಟ್ಟಳು. ಅತ್ತೆ, ಇದಲ್ಲ, ಇಂಗ್ಲಿಷಿನದ್ದು ಹಾಕು ಎಂದರಂತೆ. ಒಂದಕ್ಷರ ಅರ್ಥವಾಗದ್ದನ್ನು ಯಾಕೆ ಕೇಳ್ತೀಯ ಎಂದು ಅವಳು ನಕ್ಕಳಂತೆ. "ಸುಮ್ನಿರೇ, ನನ್ನ ಮಗಳು ಮಾತಾಡ್ತಿದಾಳೆ," ಎಂದು ಫೋನನ್ನು ಕಿವಿಗೆ ಒತ್ತಿಕೊಂಡು ಕೊನೆಯವರೆಗೂ ಕೂತಿದ್ದರಂತೆ. ನಾನು ಅತ್ತಾಗ ನಿನ್ನ ದನಿಯೂ ನಡುಗಿತಂತಲ್ಲ. ನೆಗಡಿ ಆಗಿದೆ ಇವಳಿಗೆ, ಇವತ್ತು ಸಾಯಂಕಾಲ ನಾನೇ ಫೋನ್ ಮಾಡಿ ಗಂಟಲಿಗೆ ಬೆಚ್ಚಗೆ ಸುತ್ಕೋ ಅಂತ ಹೇಳ್ತೀನಿ ಎನ್ನುತ್ತಾ ಓಣಿಗೆ ತಿರುಗಿದರಂತೆ. ಇದು ಸುಳ್ಳಲ್ಲ, ಒರಿಸ್ಯಾ. ತಮಿಲಾಳನ್ನು ಕೇಳು.