ಗೋಂದು ಚಿಕ್ಕಪ್ಪನ ಕೋಣೆ

ಮನೆಯ ಹಿಂಗೋಣೆಯಿಂದ,
೧೪ ಮಾರ್ಚ್ ೨೦೧೬, ಸೋಮವಾರ

ಪ್ರೀತಿಯ ಪುಟ್ಟಿ,

ಮೊದಲು ಕ್ಷಮೆ, ಆಮೇಲೆ ಕುಶಲ. ಕಳೆದ ಸೆಪ್ಟೆಂಬರಿನ ಪತ್ರದಲ್ಲಿ ನಿನ್ನ ಚಿಕ್ಕಪ್ಪನ ಬಗ್ಗೆ ನಾನು ಬರೆದು ಕಳಿಸಿದ ದಿನಾಂಕಗಳು ತಪ್ಪು. ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ಕೊಟ್ಟದ್ದೆಂದು ನೀನು ಅವನ್ನು ನಂಬಿ ವರದಿಗೆ ಸೇರಿಸಿದೆ. ಅದರಲ್ಲಿ ನಿನ್ನ ದೋಷವಿಲ್ಲ. ಕಣ್ತಪ್ಪಿನಿಂದ ಹಾಗಾಯಿತೆಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಬರೆಯುವಾಗ ನನ್ನ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು.

ನಿನ್ನ ಕೆಮ್ಮು ಇಳಿಯಿತೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೆಂದು ನೀನು ಬರೆಯುವುದನ್ನು ನಿನ್ನ ಅಮ್ಮ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಅವಳ ಮೊಣಕಾಲು ಮೆಟ್ಟಿಲು ಕಂಡರೆ ಮಾತ್ರ ನೋಯುತ್ತದೆ, ಅಂಗಡಿ ಕಂಡರೆ ಇಲ್ಲ.

ಮನೆಯಿಲ್ಲದವರ ಬಗೆಗಿನ ನಿನ್ನ ವರದಿಯನ್ನು ಎರಡು ಸಲ ಓದಿದೆ. ಮಾನವಶಾಸ್ತ್ರವೆಂದರೆ ಹಳೆಯ ತಲೆಬುರುಡೆಗಳನ್ನು ಅಳೆಯುವುದೆಂದು ನಾನು ಬಹುಕಾಲ ತಿಳಿದಿದ್ದೆ. ನೀನಾದರೋ ಹದಿನಾಲ್ಕು ತಿಂಗಳ ಕಾಲ, ಮುಚ್ಚಿದ ಅಂಗಡಿಗಳ ಜಗಲಿಯ ಮೇಲೆ ಕುಳಿತು ಬದುಕಿರುವವರ ಮಾತು ಕೇಳಿದ್ದೀಯೆ. ಬೀದಿಯಲ್ಲಿ ಮಲಗುವವನೂ ರಟ್ಟು ಹಾಸಿ, ಅದರ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಅಲ್ಲಿಗೆ ತನ್ನದೊಂದು ಹೊಸ್ತಿಲು ಮಾಡಿಕೊಳ್ಳುತ್ತಾನೆಂದು ಮೂವತ್ತೊಂದನೆಯ ಪುಟದಲ್ಲಿ ಬರೆದಿದ್ದೀಯಲ್ಲ, ಅದನ್ನು ನಿನ್ನ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಂಥ ಪುಟ ಬರೆದ ವರದಿಗೆ ಕೊನೆಯಲ್ಲಿ, ಯಾರು ಯಾವ ಕಾರಣಕ್ಕೆ ಬೀದಿಗೆ ಬಂದರೆಂಬ ಆ ಪಟ್ಟಿ ಏಕೆ ಬೇಕಿತ್ತು? ಮನುಷ್ಯನ ಇಡೀ ಬಾಳಿಗೆ ಪಟ್ಟಿಯಲ್ಲಿ ಗೆರೆ ಎಳೆದ ಒಂದು ಮನೆ, ಆ ಮನೆಯೊಳಗೆ ಒಂದೇ ಶಬ್ದ!

ಕಳೆದ ಗುರುವಾರ ವಸತಿ ಸಮಿತಿಯ ಕಚೇರಿಗೆ ಹೋಗಿದ್ದೆ. ನಿನ್ನ ವರದಿಯನ್ನು ನೋಡಿ ಹನ್ನೆರಡು ಮಂದಿಗೆ ಬೀಗವಿರುವ ಒಂಟಿ ಕೋಣೆಗಳನ್ನು ಕೊಡುತ್ತಾರೆ. ನಮ್ಮ ಗೋಂದು ಚಿಕ್ಕಪ್ಪನ ಹೆಸರನ್ನು ಹೊಡೆದುಹಾಕಿದ್ದಾರೆ. (ಪುಸ್ತಕ ಕಟ್ಟುವವನ ಅಂಟುಗೈ ಹಿಡಿದು ನೀನೇ ಇಟ್ಟ ಹೆಸರದು, ಮೂರು ವರ್ಷದವಳಿದ್ದಾಗ.) ಗುಮಾಸ್ತ ನಿನ್ನ ಪಟ್ಟಿಯ ಏಳನೆಯ ಸಾಲಿನ ಮೇಲೆ ಬೆರಳಿಟ್ಟ. ಕಾರಣ: ಕುಡಿತ. "ಕುಡಿದು ಬೀದಿಗೆ ಬಂದೋರು ಆರು ತಿಂಗಳು ಬಿಟ್ಟು ತೋರಿಸ್ಬೇಕು ಸಾರ್, ಆಮೇಲೆ ರೂಮು. ಬೇರೆ ಕಾರಣಕ್ಕೆ ಬಂದೋರಿಗೆ ಈಗ್ಲೇ ಕೊಡ್ತೀವಿ. ನಾವೇನು ಮಾಡಾಣ, ಬರೆದಿರೋರು ನಿಮ್ಮ ಮಗಳೇ ಅಲ್ವಾ?" ದಿನಾಂಕಗಳು ತಪ್ಪೆಂದು ಹೇಳಿದೆ. "ಹಂಗಾದ್ರೆ ಬರೆದೋರೇ ತಿದ್ದಿ ಕಳಿಸ್ಲಿ. ಇಪ್ಪತ್ತೆರಡಕ್ಕೆ ಮೀಟಿಂಗು," ಎಂದು ಹೇಳಿ ಮುಂದಿನವರನ್ನು ಕರೆದ.

ಆರು ತಿಂಗಳು! ಅರವತ್ತೆರಡು ವರ್ಷದವನು ಎದೆಯ ತುಂಬ ಕಫ ಕಟ್ಟಿಕೊಂಡು, ಕಲ್ಲಿನ ಮೇಲೆ ಮಲಗಿ, ತಾನು ಸೂರಿಗೆ ಯೋಗ್ಯನೆಂದು ತೋರಿಸಬೇಕಂತೆ. ನಮ್ಮ ಮುದ್ರಣಾಲಯದ ಯಜಮಾನರು ಸಂಜೆ ಏಳಾಯಿತೆಂದರೆ ಬಾಟಲಿ ತೆರೆಯುತ್ತಿದ್ದರು. ಅವರ ಮನೆಯ ಬಾಗಿಲಲ್ಲಿ ನಿಂತು, ಬಾಯಿ ಮೂಸಿ, ಆಮೇಲೆ ಒಳಗೆ ಬಿಟ್ಟವರನ್ನು ನಾನು ಕಾಣೆ. ಉಳ್ಳವರು ಕುಡಿದರೆ ಅದು ಅವರ ಅಭ್ಯಾಸ. ನನ್ನ ತಮ್ಮ ಕುಡಿದರೆ ಅದು ಅವನ ಇಡೀ ಚರಿತ್ರೆ. ಗುಮಾಸ್ತನ ಮೇಲೆ ರೇಗಿದೆ, ನಿನ್ನ ಪಟ್ಟಿಯ ಮೇಲೆ ರೇಗಿದೆ. ದಾರಿಯುದ್ದಕ್ಕೂ ರೇಗುತ್ತ ಬಂದವನಿಗೆ ಮನೆಯ ಗೇಟು ತೆರೆಯುವಾಗ, ಆ ಶಬ್ದವನ್ನು ನಿನಗೆ ಒದಗಿಸಿದವನು ನಾನೇ ಎಂಬುದನ್ನು ಮರೆಯಲು ಸಾಧ್ಯವಾಗಲಿಲ್ಲ.

ಹದಿನೆಂಟು ವರ್ಷ ನಾನು ಅಂಚೆಕಚೇರಿಗೆ ಸುತ್ತುದಾರಿಯಲ್ಲಿ ಹೋಗಿದ್ದೇನೆ. ಮೊನ್ನೆ ಬೆಳಗ್ಗೆ ನೇರದಾರಿಯಲ್ಲಿ ಹೋದೆ. ಕೊಡೆ ರಿಪೇರಿಯ ಅಂಗಡಿಯ ಜಗಲಿಯಲ್ಲಿ ಅವನು ಗೋಡೆಗೊರಗಿ ಕುಳಿತಿದ್ದ. "ಏನಣ್ಣಾ, ದಾರಿ ತಪ್ಪಿತಾ?" ಎಂದ. ನಾನು ಹತ್ತಿರ ಹೋಗುತ್ತಿದ್ದಂತೆ, "ಚಪ್ಪಲಿ ಅಲ್ಲೇ ಬಿಡಪ್ಪ, ಈಗಷ್ಟೇ ಗುಡಿಸಿದೀನಿ" ಎಂದ. ಬಿಟ್ಟೆ. ಸೆಪ್ಟೆಂಬರಿನ ಪತ್ರದ ನಕಲನ್ನು ಬರಿಗಾಲಲ್ಲಿ ನಿಂತು ಅವನಿಗೆ ಓದಿ ಹೇಳಿದೆ. ನೀನು ವಿಚಾರಿಸಲು ಹೋದಾಗ ಅವನು ಏನನ್ನೂ ಹೇಳಲಿಲ್ಲವಂತೆ. "ನಿಮ್ಮಪ್ಪನ್ನೇ ಕೇಳಮ್ಮ, ದಿನಾಂಕದಲ್ಲಿ ಅವನು ತಪ್ಪಲ್ಲ ಅಂದೆ. ಆ ಮಗೂಗೆ ಯಾಕೆ ಅದೆಲ್ಲ?" ಎಂದು ನಕ್ಕ. ಆಮೇಲೆ ನಗಲಿಲ್ಲ. "ಬೆರಳು ಹೋಗಿದ್ದೂ ನಿಜ, ಮನೆ ಬಿಟ್ಟಿದ್ದೂ ನಿಜ, ಕುಡಿದಿದ್ದೂ ನಿಜ. ಆದ್ರೆ ಅಣ್ಣಾ, ಕೊನೇ ಹಾಳೆ ಮೊದಲಿಟ್ಟು ಹೊಲಿದುಬಿಟ್ಟಿದೀಯ. ದಾರ ಬಿಚ್ಚು."

ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವುದು ಅವನ ಕಸುಬಿನಲ್ಲಿ ಎಲ್ಲಕ್ಕಿಂತ ಬೇಸರದ ಕೆಲಸ. ತಪ್ಪು ಮಾಡಿದವನೇ ಅದನ್ನು ಮಾಡಬೇಕೆಂಬುದು ಅಲ್ಲಿನ ನಿಯಮ. ಮನೆಗೆ ಬಾ ಎಂದು ಕರೆದೆ. "ಆ ಕೋಣೆ ಬೇಡ. ಇನ್ನೊಬ್ಬರು ಹೊರಗೆ ಹಾಕಕ್ಕಾಗದೆ ಇರೋ ಕೋಣೆ ಬೇಕು. ಬೀಗದ ಕೈ ನನ್ನ ಜೇಬಲ್ಲಿರ್ಬೇಕು," ಎಂದ. ಮೂರು ಬೆರಳುಳಿದ ಬಲಗೈಯಿಂದ ಜೇಬನ್ನು ತಟ್ಟಿ ತೋರಿಸಿದ.

ಆದ್ದರಿಂದ ಪುಟ್ಟಿ, ಇಪ್ಪತ್ತೆರಡರ ಮುಂಚೆ ಏಳನೆಯ ಸಾಲನ್ನು ತಿದ್ದಿ, ನಿನ್ನ ರುಜು ಹಾಕಿ ಸಮಿತಿಗೆ ಕಳುಹಿಸು. ಕೇಳಿದರೆ ನನ್ನ ಈ ಪತ್ರವನ್ನೂ ತೋರಿಸು. ಮನೆತನದ ಮಾನಕ್ಕೆ ನೀನು ಹೆದರಬೇಡ; ಅದನ್ನು ಕಾಯುತ್ತ ನಾನು ಮಾಡಿದ್ದು ಸಾಕು.

ನಿನ್ನ ಅಮ್ಮನ ಹರಕೆ ನಿನಗೆ ಸದಾ ಇದೆ. ನನ್ನದನ್ನು, ಕೆಳಗಿನದನ್ನು ಓದಿದ ಮೇಲೂ ಬೇಕೆನಿಸಿದರೆ, ಇಟ್ಟುಕೊ.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಂಚೆಯವನು ಬರುವ ಹೊತ್ತಾಯಿತು. ನಿನಗೆ ಆಗ ಹದಿನಾರು. ಚಿಕ್ಕಪ್ಪ ಕುಡಿದು ಹೊರಟುಹೋದನೆಂದು ನಾನು ಹೇಳಿದ್ದನ್ನೇ ನೀನು ನಂಬಿದೆ. ತಿದ್ದಿದ ದಿನಾಂಕಗಳು ಇವು:

೯ ಆಗಸ್ಟ್ ೧೯೯೭, ಶನಿವಾರ: ಕಾಗದ ಕತ್ತರಿಸುವ ಯಂತ್ರಕ್ಕೆ ಅವನ ಎರಡು ಬೆರಳು ಹೋದವು. ಕುಡಿದಿರಲಿಲ್ಲ. ಯಂತ್ರದಲ್ಲಿ ಕೈ ಕಾಯುವ ತಡೆಹಲಗೆ ಮುರಿದು ಒಂದು ತಿಂಗಳಾಗಿತ್ತು.

೨೯ ನವೆಂಬರ್ ೧೯೯೭: ಕೆಲಸದಿಂದ ತೆಗೆದರು. ಹಿಂದಿನ ಪತ್ರದಲ್ಲಿ "ತಾನೇ ಬಿಟ್ಟ" ಎಂದಿದ್ದೆ.

೭ ಜೂನ್ ೧೯೯೮, ಭಾನುವಾರ: ಈ ಹಿಂಗೋಣೆಯಿಂದ ಅವನ ಮಂಚವನ್ನು ನಾನೇ ಹೊರಗೆ ಹಾಕಿದೆ. ಪುಟ್ಟಿಯ ಪರೀಕ್ಷೆ ಮುಗಿಯುವವರೆಗೆ ಮಾತ್ರ ಎಂದೆ. ಸರಿ ಅಣ್ಣ ಎಂದ.

೧೦ ಜೂನ್ ೧೯೯೮, ಬುಧವಾರ: ನಿನ್ನ ಓದುವ ಮೇಜು ಬಂತು. ಹಿಂದಿನ ಪತ್ರದಲ್ಲಿ ಈ ಸಾಲು ಇರಲೇ ಇಲ್ಲ.

೩೧ ಮಾರ್ಚ್ ೧೯೯೯, ಬುಧವಾರ: ನಿನ್ನ ಕೊನೆಯ ಪರೀಕ್ಷೆ. ಆ ಸಂಜೆ ಅವನು ಹಾಸಿಗೆಯ ಸುರುಳಿ ಹಿಡಿದು ಗೇಟಿನ ತನಕ ಬಂದು ನಿಂತಿದ್ದ. ಕಿಟಕಿಯಿಂದ ನೋಡಿದೆ. ಕರೆಯಲಿಲ್ಲ.

ಏಪ್ರಿಲ್ ೧೯೯೯, ದಿನ ಅವನಿಗೂ ನೆನಪಿಲ್ಲ: ಮೊದಲ ಕುಡಿತ. ಹಿಂದಿನ ಪತ್ರದಲ್ಲಿ: ೧೯೯೬, ಎಲ್ಲಕ್ಕಿಂತ ಮೊದಲ ಸಾಲು.